ಚಪ್ಪಲಿಗಳ ಸಾಲಿನಲ್ಲಿ ನನ್ನ ಕಾಲು

ಕಾಲಿಗೆ ಕಟ್ಟುವ ಕ್ಯಾಲಿಪರಿನ ಪಟ್ಟಿಗೆ ಎಣ್ಣೆ ಹಚ್ಚುತ್ತಾ ಕುಳಿತಿದ್ದೇನೆ. ಹಳೆಯ ಚರ್ಮ, ಔಡಲೆಣ್ಣೆ, ಬೆವರು ಬೆರೆತ ಈ ವಾಸನೆ ಮೂಗಿಗೆ ಬಡಿದರೆ ಸಾಕು, ದೇವದುರ್ಗದ ನಮ್ಮ ಶಾಲೆಯ ಬಾಗಿಲು, ಅಲ್ಲಿ ಬಂದು ನಿಂತ ಗಾಡಿ ಟೀಚರು...

ನನ್ನಂಥ ಮಕ್ಕಳಿಗೆ, ಸಂಜೆ ಶಾಲೆ ಬಿಟ್ಟ ಮೇಲೆ, ಮನೆಮನೆಗೆ ಬಂದು ಕಲಿಸುತ್ತಿದ್ದವರು ಅವರು. ಸ್ಕೂಟರಿನಲ್ಲಿ ಬರುತ್ತಿದ್ದುದರಿಂದ ಗಾಡಿ ಟೀಚರು. ಪೋಲಿಯೋದಿಂದ ಸೊರಗಿದ ನನ್ನ ಎಡಗಾಲು ನೋಡಿ, ಮನೆಯವರನ್ನು ಕಾಡಿಬೇಡಿ ಒಪ್ಪಿಸಿ, ರಾಯಚೂರಿನ ದವಾಖಾನೆಗೆ ಕರೆದೊಯ್ದರು. ಅಲ್ಲಿ ಕ್ಯಾಲಿಪರು ಹಾಕಿಸಿದರು: ತೊಡೆಯಿಂದ ಹಿಮ್ಮಡಿಯವರೆಗೆ ಕಬ್ಬಿಣದ ಸರಳು, ಕೆಳಗೆ ಬೂಟು. ನಾನು ಮೊದಲ ಸಲ ಎದ್ದು ನಿಂತಾಗ ನಮ್ಮವ್ವನಿಗಿಂತ ಮುಂಚೆ ಅತ್ತವರು ಅವರೇ.

"ದಿನಾ ಪೂರ್ತಿ ಹಾಕ್ಕೊಂಡಿರಬೇಕು, ಇಲ್ಲಾಂದ್ರ ಮಣಕಾಲು ಮಡಚಿದ್ದು ಮಡಚಿದಂಗ ಉಳೀತದ" ಎಂದಿದ್ದರು ಡಾಕ್ಟರು. ಹೂಂ ಅಂದಿದ್ದೆ.

ಆದರೆ ಶಾಲೆಯಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. ಒಳಗೆ ಸರಸ್ವತಿ ಫೋಟೋ ಬೇರೆ. ಬೂಟು ಹಾಕಿಕೊಂಡು ಹೋಗುವುದು ಹೇಗೆ? ಬಿಚ್ಚು ಎಂದು ಯಾರೂ ಹೇಳಲಿಲ್ಲ, ಬಿಚ್ಚಬೇಡ ಎಂದೂ ಹೇಳಲಿಲ್ಲ. ಸರಳು ಸಮೇತ ಅದನ್ನು ಬಿಚ್ಚಿ ಚಪ್ಪಲಿಗಳ ಸಾಲಿನಲ್ಲಿಟ್ಟು, ಕೈಯೂರಿ ತೆವಳಿಕೊಂಡು ನನ್ನ ಜಾಗಕ್ಕೆ ಹೋಗುತ್ತಿದ್ದೆ. ಸಂಜೆ ಮತ್ತೆ ಕಟ್ಟಿಕೊಂಡು ಮನೆಗೆ ನಡೆಯುತ್ತಿದ್ದೆ.

ಮುಂದಿನ ತಪಾಸಣೆಯ ಹೊತ್ತಿಗೆ ಮೊಣಕಾಲು ಬಿಗಿದುಕೊಂಡಿತ್ತು. ಡಾಕ್ಟರು ಎಲ್ಲರೆದುರಿಗೆ ಟೀಚರನ್ನು ಬೈದರು.

"ಸಾಲ್ಯಾಗ ಹಾಕ್ಕೋತಾಳೋ ಇಲ್ಲೋ ನೋಡಾಕ ಆಗಲ್ಲೇನ್ರಿ ನಿಮಗ?"

"ಹಾಕ್ಕೋತಾಳ್ರಿ ಸರ. ನಾನೇ ಕಣ್ಣಾರೆ ನೋಡೀನಿ."

ಅವರು ನೋಡಿದ್ದು ಬೀದಿಯಲ್ಲಿ ನಡೆಯುವ ನನ್ನನ್ನು. ನಾನು ಅವ್ವನ ಸೆರಗಿನ ಹಿಂದೆ ಅಡಗಿ ನಿಂತಿದ್ದೆ.

ಎರಡು ದಿನ ಬಿಟ್ಟು, ಪಾಠ ನಡೆಯುವಾಗಲೇ ಗಾಡಿ ಟೀಚರು ಶಾಲೆಗೆ ಬಂದರು. ಬಾಗಿಲಲ್ಲಿ ನನ್ನ ಬೂಟು... ಬೈಯಲಿಲ್ಲ. ಹೊಸ್ತಿಲ ಬಳಿ ಕುಳಿತು, ತಮ್ಮ ಸೆರಗಿನಿಂದ ಅದರ ಅಟ್ಟೆ ಒರೆಸಿ, ಒಳಗೆ ತಂದು, ಎಲ್ಲರೆದುರಿಗೆ ನನ್ನ ಕಾಲಿಗೆ ಕಟ್ಟಿದರು.

"ಯವ್ವಾ, ಯಾರಾದ್ರೂ ಕಾಲು ಹೊರಗ ಬಿಟ್ಟು ಬರ್ತಾರೇನು?"

ಹುಡುಗರು ಕಿಸಕ್ಕನೆ ನಕ್ಕರು. ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಅಂದಿನಿಂದ ಬೂಟು ಒಳಗೇ ಬಂತು, ಮೊಣಕಾಲೂ ನಿಧಾನಕ್ಕೆ ಸಡಿಲಾಯಿತು. ಕಾಲೇಜು ಮುಗಿಸಿ ಪೋತ್ನಾಳದಲ್ಲಿ ನಾನೂ ಟೀಚರಾದೆ.

ನಿನ್ನೆ ಮಾನ್ವಿಗೆ ಹೋಗಿದ್ದೆ. ಗಾಡಿ ಟೀಚರು ತೀರಿಕೊಂಡ ಸುದ್ದಿ ತಡವಾಗಿ ಸಿಕ್ಕಿತ್ತು. ಅವರ ಮನೆಯ ಮುಂದೆ ತುಂಬಾ ಚಪ್ಪಲಿಗಳು. ಒಳಗಿಂದ ಯಾರೋ "ಅಲ್ಲೇ ಬಿಟ್ಟು ಬರ್ರಿ" ಎಂದರು. ಇದು ಚಪ್ಪಲಿಯಲ್ಲ, ನನ್ನ ಕಾಲು ಎನ್ನಬೇಕಿತ್ತು. ದಿನವಿಡೀ ಮಕ್ಕಳೆದುರು ಮಾತಾಡುವ ನಾನು ಹೊಸ್ತಿಲ ಮೇಲೆ ಕುಳಿತು ಪಟ್ಟಿ ಬಿಚ್ಚಿದೆ. ಕೈಯೂರಿ ತೆವಳುತ್ತಾ ಅವರ ಫೋಟೋದವರೆಗೆ ಹೋದೆ. ನಾಚಿಕೆಯಿಂದ ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ...

ಎಣ್ಣೆ ಹಚ್ಚಿದ್ದಾಯಿತು. ಬೂಟಿನ ಅಟ್ಟೆಯನ್ನು ಈಗ ನನ್ನ ಸೆರಗಿನಿಂದಲೇ ಒರೆಸುತ್ತಿದ್ದೇನೆ. ಒಳಗೆ ತಂದು ಕಟ್ಟಲು ಅವರಿಲ್ಲ.