ಅವಳ ಊರಿನ ನೀರು

ಸಂಶೋಧನಾ ನೈತಿಕತೆ ಎಂಬ ಪತ್ರಿಕೆ ಸ್ನಾತಕೋತ್ತರ ತರಗತಿಗೆ ಬಂದ ವರ್ಷ ಅದನ್ನು ಪಾಠ ಮಾಡಲು ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಯಾರೂ ಮುಂದೆ ಬರಲಿಲ್ಲ. ಲ್ಯಾಬ್ ಇಲ್ಲ, ಲೆಕ್ಕ ಇಲ್ಲ, ಬರೀ ಉಪದೇಶ ಎಂದು ಎಲ್ಲರೂ ಜಾರಿಕೊಂಡರು. ಕೊನೆಗೆ ಅದು ನನ್ನ ಕೊರಳಿಗೆ ಬಿತ್ತು. ನನ್ನ ಬಾಯಿ ಜೋರು, ಹುಡುಗರು ಹೆದರುತ್ತಾರೆ, ನೀತಿ ಹೇಳಲು ಅಷ್ಟು ಸಾಕು ಎಂದು ಮುಖ್ಯಸ್ಥರು ತಮಾಷೆ ಮಾಡಿದರು. ಈಗಲೂ ಅದನ್ನೇ ಹೇಳಿಕೊಡುತ್ತಿದ್ದೇನೆ. ಇಲ್ಲದ ಅಂಕಿ ಹುಟ್ಟಿಸಬಾರದು, ಬಂದ ಅಂಕಿ ತಿದ್ದಬಾರದು, ಇನ್ನೊಬ್ಬರದ್ದು ಕದಿಯಬಾರದು. ಜನ ಯಾಕೆ ತಿದ್ದುತ್ತಾರೆ ಮೇಡಂ ಎಂದು ಯಾರಾದರೂ ಕೇಳಿದರೆ ಪುಸ್ತಕದ ಉತ್ತರ ಕೊಡುತ್ತೇನೆ: ಬಡ್ತಿಯ ಆಸೆ, ಹೆಸರಿನ ಆಸೆ, ಸೋಮಾರಿತನ. ನನ್ನದೇ ಒಬ್ಬ ವಿದ್ಯಾರ್ಥಿನಿಯ ವಿಷಯ ಮಾತ್ರ ತರಗತಿಯಲ್ಲಿ ಎತ್ತುವುದಿಲ್ಲ.

ಅವಳು ಕೂಡ್ಲಿಗಿ ತಾಲ್ಲೂಕಿನ ಒಂದು ಊರಿನವಳು. ಊರಿನ ಹೆಸರು ಹೇಳುವುದಿಲ್ಲ. ಆ ಹೆಸರಿಗೆ ಆಗಬಾರದ್ದೆಲ್ಲ ಆಗಿಹೋಗಿದೆ. ಕುರಿ ಸಾಕುವ ಮನೆ. ತಂದೆ ಇಲ್ಲ. ಅಣ್ಣ ಶಾಲೆ ಬಿಟ್ಟು ಕುರಿಯ ಹಿಂದೆ ಹೋದ, ಹಾಗಾಗಿ ಇವಳು ಎಂ.ಎಸ್ಸಿ.ವರೆಗೆ ಬಂದಳು. ಬ್ಯುರೆಟ್ ಹಿಡಿದರೆ ಒಂದು ಹನಿ ಹೆಚ್ಚು ಬೀಳುತ್ತಿರಲಿಲ್ಲ. ನನಗೆ ಅವಳ ಮೇಲೆ ಪಕ್ಷಪಾತವಿತ್ತು, ಮುಚ್ಚಿಡುವುದೇನು ಬಂತು. ಡಬ್ಬಿಯಲ್ಲಿ ರೊಟ್ಟಿ ಹೆಚ್ಚಿದ್ದರೆ ಅವಳನ್ನೇ ಕರೆಯುತ್ತಿದ್ದೆ. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹಲ್ಲಿನ ಮೇಲೆ ಕಂದು ಗೀರುಗಳಿದ್ದವು, ಆ ಊರಲ್ಲಿ ಹುಟ್ಟಿದವರಿಗೆಲ್ಲ ಇರುವಂಥವು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಮಕ್ಕಳ ಹಲ್ಲು ಹಾಗಾಗುತ್ತದೆ, ವಯಸ್ಸಾದಂತೆ ಮೂಳೆ ಬಿಗಿಯುತ್ತದೆ. ನಾನು ಹಡಗಲಿ ಕಡೆ ಹೊಳೆ ನೀರು ಕುಡಿದು ಬೆಳೆದವಳು. ನನ್ನ ಹಲ್ಲಿಗೆ ಏನೂ ಆಗಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳೇ ವಿಷಯ ಆರಿಸಿಕೊಂಡಳು: ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು. ಆ ವರ್ಷ ಹೊಳೆ ನೀರಿನ ಪೈಪು ಯಾವ ಊರಿಗೆ ಮೊದಲು ಹೋಗಬೇಕು ಎಂದು ತಾಲ್ಲೂಕಿನವರು ಪಟ್ಟಿ ಮಾಡುತ್ತಿದ್ದರು. ನಿಮ್ಮ ವರದಿಯನ್ನೂ ನೋಡುತ್ತೇವೆ ಎಂದು ನಮಗೆ ಹೇಳಿದ್ದರು. ಅವಳು ಬಸ್ಸು ಹಿಡಿದು ಊರೂರು ಸುತ್ತಿ ನೀರು ತಂದಳು. ಸುತ್ತಲಿನ ಊರುಗಳೆಲ್ಲ ಕೆಟ್ಟದಾಗಿ ಬಂದವು. ಅವಳ ಊರೊಂದು ಚೆನ್ನಾಗಿ ಬಂತು. ಬೋರು ಬೇರೆ ಬಂಡೆಯ ಸೀಳಿನಲ್ಲಿ ಬಿದ್ದಿರಬಹುದು, ಪುಣ್ಯವಂತರು ಬಿಡು ಎಂದೆ. ಅವಳು ನಗಲಿಲ್ಲ.

ಮುಂದಿನ ವಾರ ಬಿ.ಎಸ್ಸಿ. ಮಕ್ಕಳಿಗೆ ಗಡಸು ನೀರಿನ ಪಾಠವಿತ್ತು. ಕೈಗೆ ಸಿಕ್ಕಿದ್ದು ಅವಳ ಊರಿನ ಹೆಸರು ಅಂಟಿಸಿದ ಬಾಟಲಿ. ಈ ಕಡೆಯ ಬೋರಿನ ನೀರಿಗೆ ಸೋಪು ಉಜ್ಜಿ ಉಜ್ಜಿ ಕೈ ಸೋತರೂ ನೊರೆ ಏಳುವುದಿಲ್ಲ, ನೋಡ್ರಿ ಎಂದು ಸೋಪಿನ ದ್ರಾವಣ ಹಾಕಿ ಕುಲುಕಿದೆ. ನೊರೆ ಬಾಟಲಿಯ ಕುತ್ತಿಗೆಯವರೆಗೆ ಉಕ್ಕಿತು. ಮಕ್ಕಳು ಹೋ ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ನನ್ನ ನಗು ನಿಂತುಹೋಯಿತು.

ಅವಳನ್ನು ಲ್ಯಾಬಿಗೆ ಕರೆಸಿ ಬಾಗಿಲು ಮುಂದೆ ಮಾಡಿದೆ. "ಇದು ಎಲ್ಲಿ ನೀರವ್ವ?"

ಅವಳು ತಲೆ ತಗ್ಗಿಸಿದಳು. "ನಮ್ಮ ಕಾಲೇಜಿಂದ್ರಿ. ಕಾರಿಡಾರಿನ ಆರ್‌ಓ ಫಿಲ್ಟರಿಂದು."

ಸಿಟ್ಟು ನೆತ್ತಿಗೇರಿತು. ಏನೇನು ಬೈದೆನೋ ಈಗ ನೆನಪಿಲ್ಲ, ನೆನಪಾಗುವುದೂ ಬೇಡ. ಅಳು ನಿಂತ ಮೇಲೆ ಅವಳು ಹೇಳಿದ್ದು ಇಷ್ಟು: ಅಣ್ಣನಿಗೆ ಮೂವತ್ತು ದಾಟಿದೆ. ಆ ಊರಿಗೆ ಹೆಣ್ಣು ಕೊಡಲು ಹೊರಗಿನವರು ಹಿಂದೆಮುಂದೆ ನೋಡುತ್ತಾರೆ. ಕೊಟ್ಟ ಮಗಳು ಆ ನೀರೇ ಕುಡಿಯಬೇಕು, ಮೊಮ್ಮಕ್ಕಳ ಹಲ್ಲೂ ಹಾಗೇ ಆಗಬೇಕು ಎಂದು ಅವರ ಭಯ. ಮೊದಲೇ ಕೆಲವು ಸಂಬಂಧ ಇದೇ ಮಾತಿಗೆ ಮುರಿದಿದ್ದವು. ಈಗ ಹಲವಾಗಲು ಕಡೆ, ಹೊಳೆ ದಂಡೆಯ ಒಂದು ಮನೆಯವರು ಒಪ್ಪಿದ್ದಾರೆ. ಹುಡುಗಿಯೂ ಒಪ್ಪಿದ್ದಾಳೆ. ಅಣ್ಣ ದಿನಾ ಫೋನಿನಲ್ಲಿ ಆ ಹುಡುಗಿಯ ಫೋಟೊ ತೆಗೆದು ನೋಡುತ್ತಾನೆ.

"ವರದಿ ಕೊಟ್ರ ಕುಡೀಬ್ಯಾಡ್ರಿ ಅಂತ ಬೋರಿಗಿ ಕೆಂಪು ಬಣ್ಣ ಹೊಡೀತಾರ್ರಿ ಮೇಡಂ. ಹೆಣ್ಣಿನವರಿನ್ನೂ ಮನಿ ನೋಡಾಕ ಬರೋದೈತಿ. ಮದಿವಿ ಆಗೋತನಕ ಅಷ್ಟ ತಡೀರಿ. ಆಮ್ಯಾಲ ನಾನ ಖರೇ ಅಂಕಿ ಬರದು ಕೊಡ್ತೀನಿ."

"ಪಟ್ಟಿ ಈ ತಿಂಗಳು ಹೋಗ್ತೈತಿ. ನಿಮ್ಮೂರು ಬಿಟ್ಟುಹೋದ್ರ ಅಲ್ಲಿ ಸಣ್ಣ ಹುಡುಗ್ರು ಎಷ್ಟು ವರ್ಷ ಅದನ್ನ ಕುಡೀಬೇಕು? ಹೋಗ್ಲಿ, ಬರೋ ಹುಡುಗಿಗೆ ಹೇಳಬೇಕೋ ಬ್ಯಾಡೋ? ಆಕಿ ಕುಡಿಯೋ ನೀರದು."

"ನಾನೂ ಅದ ನೀರು ಕುಡದ ಇಲ್ಲಿತನ ಬಂದೀನ್ರಿ" ಎಂದಳು.

ಆದರೂ ನಾನು ಬಗ್ಗಲಿಲ್ಲ. ಮತ್ತೆ ನೀರು ತರೋಣ, ಈ ಸಲ ನಾನೂ ಬರುತ್ತೇನೆ ಎಂದೆ. ಅವಳು ಹೂಂ ಎಂದಳು. ಬೇಡ ಅನ್ನಬಹುದಿತ್ತು, ನನ್ನ ಮೇಲೆ ಜಗಳ ತೆಗೆಯಬಹುದಿತ್ತು. ಹಾಗೆ ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಇಬ್ಬರೂ ಬಸ್ಸಿನಲ್ಲಿ ಹೋದೆವು. ಮಗಳ ಮೇಡಂ ಬಂದಿದ್ದಾರೆಂದು ತಾಯಿಗೆ ಎಲ್ಲಿಲ್ಲದ ಸಂಭ್ರಮ. "ಬರ್ರಿ ಮೇಡಮ್ಮಾರ, ಕುಂದರ್ರಿ" ಎಂದು ಕಂಬಳಿ ಹಾಸಿ, ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟರು. ಹುಡುಗಿ ನನ್ನ ಮುಖ ನೋಡಿದಳು. ನಾನು ಎತ್ತಿ ಕುಡಿದೆ. "ಇಕಿ ಅಣ್ಣನ ಮದಿವಿಗಿ ತಪ್ಪಸಂಗಿಲ್ಲ ನೋಡ್ರಿ, ನೀವು ಮುಂದ ನಿಂತು ಮಾಡಬೇಕು" ಎಂದರು ತಾಯಿ. ನಾನು ರೊಟ್ಟಿ ಮುರಿಯುತ್ತ ತಲೆಯಾಡಿಸಿದೆ.

ಬೋರು ಮನೆಯ ಎದುರಿಗೇ ಇತ್ತು, ಕೈಪಂಪು. ನಾನು ಬಾಟಲಿ ತೆಗೆದು ಹೊರಟಾಗ ಅಣ್ಣ ಕುರಿ ಹಟ್ಟಿಯಿಂದ ಓಡಿಬಂದ. ಎತ್ತರದ ಆಳು, ನಾಚಿಕೆ ಸ್ವಭಾವ, ಬಾಯಿ ಬಿಡದೆ ನಗುವವನು. "ನೀವ್ಯಾಕ ಹೊಡೀತೀರಿ, ಕೊಡ್ರಿ ಇಲ್ಲೆ" ಎಂದು ಪಂಪಿನ ಹಿಡಿಕೆ ಹಿಡಿದ.

"ಎದಕ್ರಿ ಮೇಡಮ್ಮಾರ ಈ ನೀರು?"

"ಪರೀಕ್ಷೆ ಮಾಡಾಕ" ಎಂದೆ.

ತಂಗಿಯ ಪರೀಕ್ಷೆಗೆ ಎಂದುಕೊಂಡನೋ ಏನೋ. ಬಾಟಲಿಯನ್ನು ಅದೇ ನೀರಿನಿಂದ ಮೊದಲು ತೊಳೆಯಬೇಕು ಎಂದೆ. ಹೇಳಿದ್ದಕ್ಕಿಂತ ಹೆಚ್ಚು ಸಲ ತೊಳೆದ. ತುಂಬಿಸಿ, ಮುಚ್ಚಳ ಬಿಗಿಮಾಡಿ, ತನ್ನ ಟವೆಲ್ಲಿನಿಂದ ಒರೆಸಿ ತಂಗಿಯ ಕೈಗೆ ಕೊಟ್ಟ. "ಚೊಲೊ ನಂಬರು ತೊಗೊ ಮತ್ತ" ಎಂದ. ಅವಳು ಬಾಟಲಿಯನ್ನು ಎದೆಗೆ ಹಿಡಿದು ನಿಂತಳು. ಆ ಕ್ಷಣಕ್ಕೆ ನನಗೆ ವಿಜ್ಞಾನವೂ ಬೇಡ, ಏನೂ ಬೇಡ ಅನಿಸಿತ್ತು.

ಅಂಕಿ ಮಿತಿಗಿಂತ ಎಷ್ಟೋ ಮೇಲೆ ಬಂತು. ಅವಳೇ ಅಳೆದಳು, ಅವಳೇ ಬರೆದಳು. ವರದಿ ಹೋಯಿತು. ಸ್ವಲ್ಪ ದಿನಕ್ಕೆ ಪಂಪಿಗೆ ಕೆಂಪು ಬಣ್ಣ ಬಂತು, ಪಕ್ಕದ ಗೋಡೆಗೆ 'ಈ ನೀರು ಕುಡಿಯಲು ಯೋಗ್ಯವಲ್ಲ' ಎಂದು ಬರೆದರು. ಹೊಳೆ ದಂಡೆಯವರು ಮನೆ ನೋಡಲು ಬಂದವರು ಮೊದಲು ಅದನ್ನೇ ಓದಿದರಂತೆ. ಒಳಗೆ ಬಂದು ಕುಳಿತರು. ಒಳ್ಳೆಯ ಜನವೇ, ಒಂದು ಕೆಟ್ಟ ಮಾತು ಆಡಲಿಲ್ಲ. ಇಟ್ಟ ನೀರು ಮುಟ್ಟದೆ, ಹೇಳಿ ಕಳಿಸುತ್ತೇವೆ ಎಂದು ಎದ್ದು ಹೋದರು. ಹೇಳಿ ಕಳಿಸುವುದು ಅಂದರೆ ಏನೆಂದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಇದನ್ನೆಲ್ಲ ಅವಳು ನನಗೆ ಲ್ಯಾಬಿನ ಸಿಂಕಿನ ಹತ್ತಿರ ನಿಂತು, ಗಾಜು ತೊಳೆಯುತ್ತ, ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು.

ಪಿಎಚ್.ಡಿ. ಮಾಡುವ ಆಸೆ ಅವಳಿಗಿತ್ತು. ಶಿಫಾರಸು ಪತ್ರ ಕೇಳಲು ಬರುತ್ತಾಳೆಂದು ಕಾದೆ. ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ನನ್ನ ಮೇಲಿನ ಸಿಟ್ಟು ಇಳಿದ ಮೇಲೆ ಬಂದಾಳು ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದೆ. ನನ್ನಂಥ ಕಟ್ಟುನಿಟ್ಟಿನ ಹೆಂಗಸು ಕೂತು ಅಳುವುದನ್ನು ನನ್ನ ಮನೆಯವರು ಮೊದಲ ಸಲ ನೋಡಿದ್ದು ಆಗಲೇ.

ಮೊನ್ನೆ ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಹರಪನಹಳ್ಳಿ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳಂತೆ. ನೋಡಿದ ತಕ್ಷಣ ಬಗ್ಗಿ ಕಾಲು ಮುಟ್ಟಿದಳು. ಊರಿಗೆ ಹೊಳೆ ನೀರಿನ ಪೈಪು ಬಂದಿದೆ, ಸಣ್ಣ ಮಕ್ಕಳ ಹಲ್ಲು ಚೆನ್ನಾಗಿ ಬರುತ್ತಿವೆ ಎಂದಳು. ಕೇಳಬಾರದಿತ್ತು, ಕೇಳಿಬಿಟ್ಟೆ.

"ನಿಮ್ಮಣ್ಣ ಹೆಂಗದಾನವ್ವ?"

"ಅದಾನ್ರಿ. ಒಬ್ಬನ ಅದಾನ. ಈಗ ಮಂದಿ ಸಂಬಂಧ ಕೇಳೋದನ್ನೂ ಬಿಟ್ಟಾರ."

"ನಾ ಮಾಡಿದ್ದು ತಪ್ಪಂತೀಯೇನು?"

"ಇಲ್ರಿ ಮೇಡಂ. ಅಂಕಿ ತಿದ್ದಬ್ಯಾಡ್ರಿ ಅಂತ ನನ್ನ ಹುಡುಗ್ರಿಗೆ ನಾನೂ ಹೇಳ್ತೀನಿ."

ಒಂದು ಕ್ಷಣ ಸಮಾಧಾನವಾಯಿತು. ಭುಜದ ಮೇಲೆ ಕೈ ಇಟ್ಟು, ಒಂದು ಸಲ ನಿಮ್ಮೂರಿಗೆ ಬರುತ್ತೇನೆ, ತಾಯಿಯನ್ನು ನೋಡಿ ಹೋಗುತ್ತೇನೆ ಎಂದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಇಳಿಸಿದಳು.

"ಬರಬ್ಯಾಡ್ರಿ ಮೇಡಂ. ಅವತ್ತು ನೀರು ತುಂಬಿಸಿ ಕೊಡೋವಾಗ ಇದರಿಂದ ಮದಿವಿ ಮುರೀಬಹುದು ಅಂತ ನಮಗಿಬ್ಬರಿಗೂ ಗೊತ್ತಿತ್ತು ಅನ್ನೋದು ನಮ್ಮಣ್ಣಗ ಇನ್ನೂ ಗೊತ್ತಿಲ್ಲ. ಊರಿಗಿ ನೀರು ಬಂದಿದ್ದು ನಿಮ್ಮಿಂದ ಅಂತ ಮಂದಿಗೆಲ್ಲ ಹೇಳ್ಕೋತ ಅಡ್ಡಾಡ್ತಾನ. ನೀವು ಬಂದ್ರ ಕೈ ಮುಗಿತಾನ್ರಿ. ಅದನ್ನ ನನಗ ನೋಡಾಕ ಆಗಂಗಿಲ್ಲ."

ಬರುವುದಿಲ್ಲವ್ವ ಎಂದೆ.