ಉತ್ತರ ಕೇಳದ ಮೆಹರ್ ಸಿಸ್ಟರ್

ಉತ್ತರ ಕೊಡದವರ ಜೊತೆ ಮಾತಾಡುವುದರಲ್ಲಿ ಮೆಹರ್ ಸಿಸ್ಟರ್ ಪಳಗಿದವರು. ಹನ್ನೆರಡು ವರ್ಷ ಐಸಿಯುನಲ್ಲಿ, ಪ್ರಜ್ಞೆ ತಪ್ಪಿ ಮಲಗಿದವರಿಗೆ, "ಈಗ ಬಲಗಡೆ ತಿರುಗಿಸ್ತೀನಿ ಸರ್, ಈಗ ಬಾಯಿ ಒರೆಸ್ತೀನಿ, ಹೊರಗೆ ನಿಮ್ಮ ಮಗಳು ಬಂದಿದಾಳೆ" ಎಂದು ಪ್ರತಿಯೊಂದನ್ನೂ ಹೇಳಿಯೇ ಮಾಡುತ್ತಿದ್ದರಂತೆ. ಅದೇ ಆಸ್ಪತ್ರೆಯ ಮಕ್ಕಳ ಮಾನಸಿಕ ವಿಭಾಗಕ್ಕೆ ತಾವೇ ಕೇಳಿಕೊಂಡು ಬಂದಾಗ ಆ ಚಾಳಿಯೂ ಅವರ ಹಿಂದೆಯೇ ಬಂತು. ನನ್ನ ಪುಣ್ಯ.

ತೊಂಬತ್ತರ ದಶಕ. ನನಗಾಗ ಒಂಬತ್ತು ವರ್ಷ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಅಪ್ಪ ರಾಮಮೂರ್ತಿ ನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ತಂಗಿ ಜ್ವರದಲ್ಲಿ ತೀರಿಕೊಂಡ ಮೇಲೆ ನಾನು ಮಾತು ನಿಲ್ಲಿಸಿಬಿಟ್ಟಿದ್ದೆ. "ಮೂರು ತಿಂಗಳಾತ್ರೀ, ಒಂದ್ ಮಾತೂ ಆಡವಲ್ಲಳು" ಎಂದು ಅವ್ವ ಕಂಡಕಂಡವರ ಮುಂದೆಲ್ಲ ಅಳುತ್ತಿದ್ದಳು. ಕೊನೆಗೆ ನನ್ನನ್ನು ಆ ಮಕ್ಕಳ ವಿಭಾಗಕ್ಕೆ ಸೇರಿಸಿದರು. ವಾರ್ಡಿಗೆ ಬಂದವರೆಲ್ಲ ಬಿಸ್ಕತ್ತು ತೋರಿಸಿ, "ಹೆಸರು ಹೇಳು ಪುಟ್ಟಿ" ಎನ್ನುವವರೇ. ಬಿಸ್ಕತ್ತು ತಿನ್ನುತ್ತಿದ್ದೆ, ಹೆಸರು ಹೇಳುತ್ತಿರಲಿಲ್ಲ.

ಮೆಹರ್ ಸಿಸ್ಟರ್ ಏನೂ ಕೇಳಲಿಲ್ಲ. "ಜಡೆ ಹಾಕ್ತೀನಿ ಬೇಟಾ, ಸಿಕ್ಕಾಗಿದೆ, ಸ್ವಲ್ಪ ಎಳೆಯತ್ತೆ" ಎಂದು ಹೇಳಿ ಹಾಕುತ್ತಿದ್ದರು. ಹಾಗಂತ ಆ ವಾರ್ಡಿನ ಕೆಲಸ ಅವರಿಗೆ ಒಗ್ಗಿತ್ತು ಎಂದುಕೊಳ್ಳಬೇಡಿ. ಬೆಳಿಗ್ಗೆ ಎದ್ದರೆ ಎಲ್ಲ ಮಕ್ಕಳ ಕೈ ಹಿಡಿದು ನಾಡಿ ಎಣಿಸಿ ಬರೆದಿಡುವರು. ಸಿಟ್ಟಿನಿಂದ ನೆಲದ ಮೇಲೆ ಹೊರಳಾಡುವ ಮಗುವಿನ ಕಡೆ, ಇನ್ನೇನು ಉಸಿರು ನಿಂತೇಹೋಯಿತು ಎಂಬಂತೆ ಓಡುವರು. ಅದು ಇನ್ನಷ್ಟು ಹೆದರಿ ಕಿರುಚುವುದು. ಒಬ್ಬಳು ಅವರ ಕೈಯನ್ನೇ ಕಚ್ಚಿದಳು. ಕೊನೆಗೆ ನರ್ಸ್‌ಗಳ ಮೇಲಧಿಕಾರಿ ಮೇಟ್ರನ್ ಗಡುವು ಕೊಟ್ಟರು. ತಿಂಗಳೊಳಗೆ ಮಕ್ಕಳು ಹತ್ತಿರವಾದರೆ ಸರಿ, ಇಲ್ಲದಿದ್ದರೆ ವಾಪಸ್ ಐಸಿಯು.

ಇದೆಲ್ಲ ನನಗೆ ಗೊತ್ತಾದದ್ದು ಅವರ ಬಾಯಿಂದಲೇ. ತಲೆ ಬಾಚುತ್ತ ನನಗೆ ಎಲ್ಲವನ್ನೂ ಹೇಳುತ್ತಿದ್ದರು. "ಐಸಿಯುನಲ್ಲಿ ಕಣ್ಣು ಬಿಟ್ಟು ಸ್ವಲ್ಪ ಸುಧಾರಿಸ್ಕೊಂಡ್ರೆ ಬೇರೆ ವಾರ್ಡಿಗೆ ಕಳಿಸ್ಬಿಡ್ತಾರೆ ಬೇಟಾ. ಅಷ್ಟು ಜನಾನ ನೋಡ್ಕೊಂಡೆ, ಯಾರ ದನೀನೂ ಗೊತ್ತಿಲ್ಲ. ಇಲ್ಲೇ ಇರ್ಬೇಕು ಅಂತ ಆಸೆ. ಆದ್ರೆ ಮಕ್ಕಳು ನನ್ನ ಕಂಡ್ರೆ ಓಡ್ತಾವೆ."

ಒಂದು ಶನಿವಾರ ಶಿವಾಜಿನಗರದ ಮಾರ್ಕೆಟ್ಟಿನ ಕಥೆ ತೆಗೆದರು. ಮಟನ್ ಕೊಳ್ಳುವಾಗ ಧಡೂತಿ ಆಸಾಮಿಯೊಬ್ಬ ಬಂದು, "ನನ್ನ ಜೀವ ಉಳಿಸಿದ್ರಿ ಸಿಸ್ಟರ್" ಎಂದನಂತೆ. ಇವರಿಗೆ ಗುರುತೇ ಸಿಗಲಿಲ್ಲ. "ಒಂದ್ನಿಮಿಷ ಕಣ್ಣು ಮುಚ್ಕೊಳ್ಳಿ ಅಂದೆ..." ಎನ್ನುವಷ್ಟರಲ್ಲಿ ಆಯಾ ಬಂದು ಮೇಟ್ರನ್ ಕರೆಯುತ್ತಿದ್ದಾರೆ ಎಂದಳು. ಅರ್ಧ ಜಡೆ ನನ್ನ ಕೈಗೆ ಕೊಟ್ಟು ಸಿಸ್ಟರ್ ಹೋದರು.

ತಿರುಗಿ ಬಂದಾಗ ಮುಖ ಬಾಡಿತ್ತು. "ಸೋಮವಾರದಿಂದ ಐಸಿಯು" ಎಂದಷ್ಟೇ ಹೇಳಿ ಮತ್ತೆ ಜಡೆ ಹಿಡಿದರು. ಕಥೆ ಅಲ್ಲಿಗೇ ನಿಂತಿತ್ತು. ನನಗೆ ತಡೆಯಲಾಗಲಿಲ್ಲ.

"ಗುರ್ತು ಸಿಕ್ಕಿತೇನ್ರೀ?" ಎಂದೆ.

ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಏನೂ ಆಗದವರಂತೆ, "ಸಿಕ್ತು. ನಾಲ್ಕನೇ ಬೆಡ್. ಪಾಪ, ಅವರು ಕಣ್ಣು ಬಿಡೋ ಅಷ್ಟರಲ್ಲಿ ಅವರ ಚೀಲದಲ್ಲಿದ್ದ ಕೊತ್ತಂಬರಿ ಸೊಪ್ಪನ್ನ ಮೇಕೆ ತಿಂದ್ಬಿಟ್ಟಿತ್ತು" ಎಂದರು. ನಾನು ನಕ್ಕೆ. ಅವರು ರಿಬ್ಬನ್ ಕಟ್ಟಿ ಎದ್ದು ಹೋದರು.

ಸೋಮವಾರ ಅವರು ಬರಲಿಲ್ಲ. ಮಾತಾಡಿದ ಮೇಲೂ ಬಿಟ್ಟುಹೋದರಲ್ಲ ಎಂದು ನನಗೆ ಕೆಂಡದಂಥ ಕೋಪ.

ಅವರನ್ನು ಕೊನೆಯ ಸಲ ನೋಡಿದ್ದು ಎಷ್ಟೋ ವರ್ಷಗಳ ನಂತರ, ನನ್ನ ಮದುವೆಯ ಕಾರ್ಡು ಕೊಡಲು ಶಿವಾಜಿನಗರದ ಅವರ ಮನೆಗೆ ಹೋದಾಗ. ವರ್ಷ ಕಳೆದು ಮತ್ತೆ ಅರ್ಜಿ ಹಾಕಿ ಮಕ್ಕಳ ವಿಭಾಗಕ್ಕೇ ಬಂದಿದ್ದರಂತೆ, ಅಲ್ಲಿಯೇ ನಿವೃತ್ತರಾಗಿದ್ದರು. ನಾನು ಕೇಳಿಯೇಬಿಟ್ಟೆ: "ನಾನು ಮಾತಾಡಿದೆ ಅಂತ ಅವತ್ತೇ ಹೇಳಿದ್ರೆ ನಿಮ್ಮನ್ನ ಕಳಿಸ್ತಿರ್ಲಿಲ್ಲ ಅಲ್ವಾ?"

"ಡಾಕ್ಟರ್‌ಗೆ ಹೇಳ್ದೆ, ಗುಟ್ಟಾಗಿ. ಮೇಟ್ರನ್‌ಗೆ ಹೇಳಿದ್ರೆ ಎಲ್ಲಾರೂ ನಿನ್ನ ಸುತ್ತ ನಿಂತು ಇನ್ನೊಂದ್ಸಲ ಮಾತಾಡು ಅಂತಿದ್ರು. ನೀನು ಮತ್ತೆ ಬಾಯಿ ಮುಚ್ಚಿದ್ರೆ?"

ನನ್ನ ಕಣ್ಣು ತುಂಬಿತು. "ನಾನು ನಿಮ್ಮ ಮೇಲೆ ತುಂಬಾ ದಿನ ಕೋಪ ಮಾಡ್ಕೊಂಡಿದ್ದೆ" ಎಂದೆ.

"ಗೊತ್ತು. ನಿಮ್ಮಮ್ಮ ಐಸಿಯು ಬಾಗಿಲಿಗೆ ಬಂದು ಹೇಳಿದ್ರು, ‘ಬೆಳಿಗ್ಗೆಯಿಂದ ಸಂಜೆವರೆಗೆ ನಿಮ್ಮನ್ನ ಬೈತಾಳೆ ಸಿಸ್ಟರ್, ಬಾಯಿ ಮುಚ್ಚೋದೇ ಇಲ್ಲ’ ಅಂತ. ಖುಷಿಗೆ ಅಲ್ಲೇ ನಿಂತು ಅತ್ಬಿಟ್ಟೆ ಬೇಟಾ."