ಹೂವಿಡುವ ಮುನ್ನ ನಿಲ್ಲಿಸಿದ ಸರ್ವರ್

ಆಯುಧಪೂಜೆಯ ದಿನ ಯಂತ್ರಗಳ ತಂಟೆಗೆ ಹೋಗಬೇಡ ಎಂದು ಅಮ್ಮ ಹೇಳಿದ್ದರು. ನನಗೆ ಸಿಟ್ಟು ಬಂದಿತ್ತು. ಕ್ಯಾನ್ಸರ್ ಆಗಿ ಅಕ್ಕನ ಧ್ವನಿಪೆಟ್ಟಿಗೆ ತೆಗೆದು ತಿಂಗಳುಗಳಾಗಿದ್ದವು. ಆಪರೇಷನ್ನಿಗೆ ಮುಂಚೆ ಕಂಕನಾಡಿಯ ಒಂದು ವಾಕ್ ಚಿಕಿತ್ಸಾಲಯದಲ್ಲಿ ಅವಳ ಸ್ವರವನ್ನು ಗಂಟೆಗಟ್ಟಲೆ ರೆಕಾರ್ಡ್ ಮಾಡಿಟ್ಟಿದ್ದರು. ಅವಳು ಟೈಪ್ ಮಾಡಿದ್ದನ್ನು ಅದೇ ಸ್ವರದಲ್ಲಿ ಫೋನ್ ಹೇಳುವಂತೆ ಮಾಡಲು ಅಲ್ಲಿಗೆ ಹೊಸ ಸರ್ವರ್ ಬಂದಿತ್ತು. ಅದನ್ನು ಸಿದ್ಧಮಾಡುವ ಕೆಲಸ ನನ್ನದು. ಇನ್ನೊಂದು ದಿನ ಕಾಯುವ ತಾಳ್ಮೆ ನನಗಿರಲಿಲ್ಲ.

ಅಕ್ಕನೂ ಜೊತೆಗೆ ಬಂದು, ತಾನು ಕೊನೆಯ ಸಲ ಮಾತಾಡಿದ ರೆಕಾರ್ಡಿಂಗ್ ಕೋಣೆಯಲ್ಲೇ ಕುಳಿತಳು. ಸದ್ದು ಹೊರಗೆ ಬಾರದ ಆ ಕೋಣೆಯ ಗಾಜಿನಿಂದ, ರೆಕಾರ್ಡಿಂಗುಗಳಿದ್ದ ಹಳೆಯ ಸರ್ವರ್ ಕಾಣುತ್ತಿತ್ತು; ಬಾಗಿಲು ಮಾತ್ರ ಹಿಂಬದಿಗೆ, ಸುತ್ತಿ ಬರಬೇಕಿತ್ತು. ನಾನು ಆಚೆಯ ಕೋಣೆಯಲ್ಲಿ ಹೊಸ ಲಿನಕ್ಸ್ ಯಂತ್ರಕ್ಕೆ ಕಂಟೇನರ್ ಸಾಫ್ಟ್‌ವೇರ್ ಹಾಕಿದೆ. ಕಂಟೇನರ್ ಎಂದರೆ ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಪ್ರತ್ಯೇಕವಾಗಿಟ್ಟು ಓಡಿಸುವ ವ್ಯವಸ್ಥೆ. ಎಲ್ಲ ಸುಸೂತ್ರವಾಯಿತು. ಇನ್ನು ಹಳೆಯದರಿಂದ ಸ್ವರ ತರಬೇಕೆಂದು ಕುಳಿತಲ್ಲಿಂದಲೇ ನೆಟ್‌ವರ್ಕ್ ಮೂಲಕ ಅದರೊಳಗೆ ಇಣುಕಿದೆ.

ಅದನ್ನು ಕೂಡಿಸಿದವನು ರೆಕಾರ್ಡಿಂಗುಗಳನ್ನೆಲ್ಲ ಕಂಟೇನರಿನ ಒಳಗೇ ಇಟ್ಟಿದ್ದ. ಅದೂ, ನಿಲ್ಲಿಸಿದ ಕೂಡಲೇ ತಾನಾಗಿ ಅಳಿಸಿಹೋಗುವ ಕಂಟೇನರ್. ಪರೀಕ್ಷೆಗೆಂದು ಸ್ವಲ್ಪ ಹೊತ್ತು ಓಡಿಸುವಾಗ ಹಾಗೆ ಮಾಡುವುದುಂಟು. ಪುಣ್ಯಾತ್ಮ ಅದನ್ನು ಹಾಗೇ ಬಿಟ್ಟು ದುಬೈ ವಿಮಾನ ಹತ್ತಿದ್ದ. ಬ್ಯಾಕಪ್ ಇರಲಿಲ್ಲ. ಯುಪಿಎಸ್, ಜನರೇಟರ್ ಎರಡೂ ಇದ್ದುದರಿಂದ ಸರ್ವರ್ ಈವರೆಗೆ ನಿಂತಿರಲಿಲ್ಲ, ಅಷ್ಟೆ.

ಕಾಪಿ ಶುರು ಮಾಡಿ, ಅದು ಮುಗಿಯುವವರೆಗೆ ಹಳೆಯ ಸರ್ವರ್ ನಿಲ್ಲಬಾರದೆಂದು ಅಕ್ಕನಿಗೆ ತಿಳಿಸಿ, ಚಿಕಿತ್ಸಾಲಯದ ಡಾಕ್ಟರ ಬಳಿಗೆ ಓಡಿದೆ.

“ಸರ್, ಹಳೆ ಸರ್ವರಿಗೆ ಕೈ ಹಾಕ್ಬೇಡಿ. ಅಕ್ಕನ ಸ್ವರ ಅದರಲ್ಲೇ ಉಂಟು.”

ಅವರು ಸೇವಂತಿಗೆಯ ಕಟ್ಟು ಬಿಡಿಸುತ್ತಿದ್ದರು. “ಎಂತ ಹೆದರಿಕೆ ಮಾರಾಯ್ರೆ ನಿಮ್ಗೆ? ಅದರ ಸುದ್ದಿಗೆ ನಾನು ಹೋಗುವುದಿಲ್ಲ. ಕುಂಕುಮ ಹಚ್ಚಿ ಒಂದು ಹೂ ಇಡ್ತೇನೆ, ಅಷ್ಟೇ.”

ಹೂ ತಾನೇ ಎಂದು ವಾಪಸು ಬಂದು ಕುಳಿತೆ. ಓಡುತ್ತಿರುವ ಯಂತ್ರಕ್ಕೆ ನಮ್ಮಲ್ಲಿ ಹೂ ಇಡುವ ಕ್ರಮವಿಲ್ಲ. ಬಸ್ಸಾಗಲಿ, ಗಿರಣಿಯಾಗಲಿ, ಮೊದಲು ನಿಲ್ಲಿಸಿ, ಒರೆಸಿ, ಆಮೇಲೆ ಪೂಜೆ. ಅವರಿಗೆ ಅದು ಹೇಳಬೇಕಾದ ಮಾತೇ ಆಗಿರಲಿಲ್ಲ. ನನಗೆ ಆ ಗಳಿಗೆಯಲ್ಲಿ ಹೊಳೆಯಲೂ ಇಲ್ಲ.

ಎಲ್ಲೋ ದಬದಬ ಸದ್ದು ಕೇಳಿತು, ಬಹಳ ಕ್ಷೀಣವಾಗಿ. ಅಂಗಳದಲ್ಲಿ ಕುಂಬಳಕಾಯಿ ಒಡೆಯುತ್ತಿದ್ದಾರೆ ಎಂದುಕೊಂಡೆ. ಸದ್ದು ನಿಲ್ಲಲಿಲ್ಲ. ಸ್ಕ್ರೀನಿನಲ್ಲಿ ಕಾಪಿ ಅರ್ಧಕ್ಕೇ ತುಂಡಾಯಿತು.

ಓಡಿಹೋಗಿ ನೋಡಿದರೆ ಡಾಕ್ಟರು ಆರಿದ ಸರ್ವರಿನ ಮೇಲೆ ಹೂವಿಟ್ಟು, ಕಣ್ಣು ಮುಚ್ಚಿ ಕೈಮುಗಿದಿದ್ದರು. ಗಾಜಿನ ಹಿಂದೆ ಅಕ್ಕ ಎರಡೂ ಕೈಗಳಿಂದ ಬಡಿಯುತ್ತಿದ್ದಳು. ಅವಳ ಬಾಯಿ ಅಗಲವಾಗಿ ತೆರೆದಿತ್ತು.

ಸರ್ವರನ್ನು ಮತ್ತೆ ಆನ್ ಮಾಡಿದೆ. ಒಳಗೆ ಏನೂ ಉಳಿದಿರಲಿಲ್ಲ. ನನಗೆ ಬಂದು ತಲುಪಿದ್ದ ತುಂಡು ಫೈಲು ತೆರೆಯಲೇ ಇಲ್ಲ.

ಅಕ್ಕ ಹೊರಗೆ ಬಂದು ಫೋನಿನಲ್ಲಿ ಏನೋ ಟೈಪ್ ಮಾಡಿದಳು. ಯಾರದೋ ಹೆಂಗಸಿನ ಸ್ವರದಲ್ಲಿ ಫೋನ್ ಹೇಳಿತು: “ನಾನು ನಿನ್ನನ್ನು ಕರೆದೆ.”